ಮೂಡಲಗಿಯಲ್ಲಿ ಏಳದೆ ಉಳಿದ ರಾಜ

ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ನೀಲವ್ವ ಒಂದು ಬೆಳಗ್ಗೆ ತನ್ನ ಹೆತ್ತ ಮಗನನ್ನೇ ಹೊಸ್ತಿಲ ಹೊರಗೆ ತಡೆದು ನಿಲ್ಲಿಸಿದರು. ಅವನ ಮುಖದ ಮೇಲೆ ಹಿಂದಿನ ರಾತ್ರಿಯ ಬಣ್ಣ ಇನ್ನೂ ಇತ್ತು, ಕೊರಳಲ್ಲಿ ಗಾಜಿನ ಮುತ್ತಿನ ಹಾರವಿತ್ತು. "ಒಳಗ ಬರಬ್ಯಾಡ ತಮ್ಮಾ, ನೀ ಇನ್ನೂ ಎದ್ದಿಲ್ಲ" ಎಂದರು. ಅವನು ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿದ್ದ. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ನನಗೆ ನಗು ಬಂತು. ಆದರೆ ಅವನು ಎದುರು ಮಾತಾಡದೆ ತಲೆ ತಗ್ಗಿಸಿ ಹೊಲದ ದಾರಿ ಹಿಡಿದದ್ದನ್ನು ನೋಡಿದಾಗ ಆ ನಗು ಅಲ್ಲೇ ನಿಂತಿತು.

ಮೈಸೂರಿನಲ್ಲಿ ಕುಳಿತು ಇದನ್ನು ಓದುವ ನಿಮಗೆ ಮೊದಲಿನಿಂದ ಹೇಳದಿದ್ದರೆ ತಿಳಿಯದು. ರಾಜ್ಯಗಳು ಒಂದಾದ ಮೇಲೆ ಸರ್ಕಾರಿ ನೌಕರರನ್ನು ಆ ಕಡೆಯಿಂದ ಈ ಕಡೆಗೆ ಎತ್ತಿ ಹಾಕುವುದು ಶುರುವಾಯಿತಷ್ಟೆ. ಮೈಸೂರಿನ ಹೆರಿಗೆ ಆಸ್ಪತ್ರೆಯಲ್ಲಿ ಹಾಯಾಗಿ ನರ್ಸ್ ಆಗಿದ್ದ ನನ್ನನ್ನು ಮೂಡಲಗಿಯ ದವಾಖಾನೆಗೆ ಹಾಕಿದರು. ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಿಕೊಂಡು ನಿಂತಾಗ ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ಕನ್ನಡ ನಾಡೇ ಅಲ್ಲವೇ ಎಂದುಕೊಂಡಿದ್ದೆ. ದವಾಖಾನೆ ಎಂದರೆ ಆಸ್ಪತ್ರೆ, ಪಗಾರ ಎಂದರೆ ಸಂಬಳ, ಬಾಜೂ ಎಂದರೆ ಪಕ್ಕ ಎಂದು ಕಲಿಯುವಷ್ಟರಲ್ಲಿ ಆ ಧೈರ್ಯ ಅರ್ಧ ಇಳಿದಿತ್ತು. ಕನ್ನಡದಿಂದ ಕನ್ನಡಕ್ಕೇ ಬಂದು ಮೂಗಿಯ ಹಾಗೆ ಪಿಳಿಪಿಳಿ ನೋಡುವ ಗತಿ ನನ್ನ ಶತ್ರುವಿಗೂ ಬೇಡ.

ಮನೆಯದೂ ಹಾಗೆಯೇ. ನಮ್ಮಲ್ಲಿ ದನ ಹಿತ್ತಲಿನಲ್ಲಿ, ಜನ ಮುಂದೆ. ಇಲ್ಲಿ ತಲೆಬಾಗಿಲು ದಾಟಿದ ಕೂಡಲೇ ಎತ್ತುಗಳ ಜಾಗ, ಅವುಗಳನ್ನು ದಾಟಿ ಮೆಟ್ಟಿಲು ಹತ್ತಿದರೆ ಪಡಸಾಲೆ. ನನ್ನ ಕೋಣೆಯ ಗೋಡೆಯಾಚೆ ಎತ್ತು ಮೆಲುಕು ಹಾಕುವುದು ರಾತ್ರಿಯೆಲ್ಲ ಕೇಳುತ್ತಿತ್ತು. ಅನ್ನಕ್ಕೆ ಸಾರು ಕಲಸಿ ಬೆಳೆದ ಹೊಟ್ಟೆಗೆ ಜೋಳದ ರೊಟ್ಟಿ, ಕೆಂಪು ಚಟ್ನಿ, ಹುಳಿಸೊಪ್ಪಿನ ಪುಂಡಿಪಲ್ಲೆ. ಮೊದಮೊದಲು ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ. ಒಂದು ದಿನ ನೀಲವ್ವನ ಸೊಸೆ ಶಾಂತವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, "ಮುರದ ತಿನ್ರಿ ಬಾಯಾರ, ಕಲಸೂದಲ್ಲ ಇದು" ಎಂದು ಕೈ ಹಿಡಿದು ತೋರಿಸಿದಳು. ಆಮೇಲೆ ಅನ್ನದ ನೆನಪು ಅಷ್ಟಾಗಿ ಬರಲಿಲ್ಲ. ನರ್ಸಬಾಯಿ ಎಂಬುದನ್ನು ಬಾಯಾರ ಎಂದು ಎಲ್ಲರೂ ಕರೆಯುತ್ತಿದ್ದರು. ಶಾಂತವ್ವ ಕರೆದರೆ ಮಾತ್ರ ಅಕ್ಕಾ ಎಂದಂತೆ ಕೇಳುತ್ತಿತ್ತು. ಅವಳಿಗೆ ಆಗ ಚೊಚ್ಚಲ ಬಸಿರು.

ಊರಿನವರಿಗೆ ನನ್ನ ಬಗ್ಗೆ ತಿಳಿಯಬೇಕಾದದ್ದು ಒಂದೇ: ನಾನು ರಾಜನ ಊರಿನವಳು. ದವಾಖಾನೆಗೆ ಕೆಮ್ಮೆಂದು ಬಂದವರೂ ಮೊದಲು ಅದನ್ನೇ ಕೇಳುವರು. ನಿಮ್ಮ ರಾಜಾ ಏನ ಉಣ್ತಾನ್ರಿ, ಆನಿ ಮ್ಯಾಲೆ ಕುಂತಾಗ ಅಂಜೂದಿಲ್ಲೇನ್ರಿ, ಸಿಟ್ಟು ಬಂದ್ರ ಹೆಂಗ ಬೈತಾನ್ರಿ. ದಸರೆಯಲ್ಲಿ ದೂರದಿಂದ ಅಂಬಾರಿ ನೋಡಿದ್ದು ಬಿಟ್ಟರೆ ನನಗೇನು ಗೊತ್ತು? ಆದರೂ ಗತ್ತು ಬಿಡಲಾಗಲಿಲ್ಲ. ನಮಗೆ ಅರಸೊತ್ತಿಗೆ ಎಂದರೆ ದೀಪಾಲಂಕಾರ, ಬ್ಯಾಂಡು, ದಾರಿ ಬದಿಯಲ್ಲಿ ಕಡಲೆಕಾಯಿ. ಇವರಿಗೆ ಅದು ನಾಟಕದಲ್ಲಿ ಕಣ್ಣಾರೆ ಕಂಡ ಕಥೆ. ನಾವು ರಾಜನಿಗೆ ಕೈ ಮುಗಿದು ಮನೆಗೆ ಹೋಗುವವರು, ಇವರು ರಾಜನ ಚಿಂತೆಯನ್ನು ಮನೆಗೆ ಹೊತ್ತುಕೊಂಡು ಹೋಗುವವರು. ಇದು ನನಗೆ ಗೊತ್ತಾಗಿದ್ದು ಆ ನಾಟಕದ ದಿನ.

ಸುಗ್ಗಿ ಮುಗಿದ ಮೇಲೆ ಊರಿನ ರೈತರೇ ಸೇರಿ ನಾಟಕವಾಡುವುದು ಇಲ್ಲಿಯ ವಾಡಿಕೆ. ಕಲಿಸಲು ಅಂಕಲಗಿಯಿಂದ ಒಬ್ಬ ಮಾಸ್ತರರು ಬಂದಿದ್ದರು, ರಾಣಿಯ ಪಾತ್ರಕ್ಕೆ ಗೋಕಾಕದಿಂದ ಒಬ್ಬ ನಟಿ. ಮಾಸ್ತರರೇ ಬರೆದ ಕಥೆ. ಅಣ್ಣ ಪಟ್ಟದಲ್ಲಿದ್ದಾನೆ, ತಮ್ಮನಿಗೆ ಪಟ್ಟದ ಆಸೆ, ಕೊನೆಯ ಅಂಕದಲ್ಲಿ ತಮ್ಮ ಹಾಲಿನಲ್ಲಿ ವಿಷ ಬೆರೆಸಿ ಅಣ್ಣನಿಗೆ ಕುಡಿಸುತ್ತಾನೆ. ನೀಲವ್ವನ ಮಗ ಮಲ್ಲಪ್ಪ ರಾಜ. ತಮ್ಮನ ಪಾತ್ರ ಅವನ ಗೆಳೆಯ ರಾಯಪ್ಪನದು. ಇಬ್ಬರ ಹೊಲ ಬಾಜೂ ಬಾಜೂ. ಒಬ್ಬೊಬ್ಬನಿಗೆ ಒಂದೊಂದೇ ಎತ್ತು. ಎರಡನ್ನೂ ಒಂದೇ ನೊಗಕ್ಕೆ ಹೂಡಿ ಇಬ್ಬರ ಹೊಲವನ್ನೂ ಉಳುತ್ತಿದ್ದರು. ರಾಯಪ್ಪನ ಎತ್ತೂ ನಮ್ಮ ಮನೆಯಲ್ಲೇ ಕಟ್ಟಿರುತ್ತಿತ್ತು.

ನಾಟಕದ ಹಿಂದಿನ ದಿನ ನೀಲವ್ವ ನನಗೊಂದು ಕಟ್ಟಳೆ ಹೇಳಿದರು. ಈ ಊರಿನಲ್ಲಿ ಆಟದಲ್ಲಿ ಯಾರಾದರೂ ಸತ್ತರೆ, ಜನ ಏಳುವ ಮೊದಲು, ಕೊಂದ ಪಾತ್ರದವನೇ ಸತ್ತವನ ಕೈ ಹಿಡಿದು ಎಬ್ಬಿಸಬೇಕು. ಆಮೇಲೆ ಮಂಗಳ ಹಾಡಬೇಕು. ಅಲ್ಲಿಯವರೆಗೆ ಸತ್ತವನು ಅಲುಗಾಡಬಾರದು, ನೋಡುವವರು ಮನೆಗೆ ಹೋಗಬಾರದು.

"ಎಬ್ಬಿಸದಿದ್ದರೆ ಏನಾಗುತ್ತೆ?" ಎಂದೆ.

"ಹಂಗ ಎಂದೂ ಆಗಿಲ್ರಿ" ಎಂದು ಮಾತು ಮುಗಿಸಿದರು.

ಮೈಸೂರಿನ ಪುರಭವನದಲ್ಲಿ ನಾವು ನಾಟಕ ನೋಡುವ ರೀತಿ ನಿಮಗೆ ಗೊತ್ತು. ಬೆರಳ ತುದಿಯಲ್ಲಿ ಚಪ್ಪಾಳೆ, ಅಳು ಬಂದರೆ ಸೆರಗಿನ ಮರೆ. ಇಲ್ಲಿ ಹೆಂಗಸರು ರಂಗದ ಜೊತೆ ಮಾತಾಡುತ್ತಾರೆ. ರಾಯಪ್ಪ ಮೊದಲ ಅಂಕದಲ್ಲಿ ಅಣ್ಣನ ಕಾಲಿಗೆ ಬಿದ್ದಾಗಲೇ ನನ್ನ ಹಿಂದಿನ ಮುದುಕಿ, "ಅಂವನ ಕಣ್ಣು ನೋಡೋ ಮಲ್ಲಪ್ಪಾ, ಕಣ್ಣು ನೋಡು" ಎಂದು ಎಚ್ಚರಿಸಿದಳು. ಅಂಕದಿಂದ ಅಂಕಕ್ಕೆ ಗುಂಪಿನ ಉಸಿರು ಬಿಸಿಯಾಗುತ್ತಾ ಹೋಯಿತು. ಗಂಡಸರ ಕಡೆ ಬೀಡಿ ಸೇದುವುದೂ ನಿಂತಿತು. ರಾಯಪ್ಪ ಅಷ್ಟು ಚೆನ್ನಾಗಿ ಮಾಡುತ್ತಿದ್ದ, ಅದೇ ತಪ್ಪಾಯಿತು. ಹಾಲಿನ ಬಟ್ಟಲು ಬಂದಾಗ ಹೆಂಗಸರೆಲ್ಲ ಒಟ್ಟಿಗೆ, "ಕುಡಿಬ್ಯಾಡೋ ನನ್ನಪ್ಪಾ, ಕುಡಿಬ್ಯಾಡ" ಎಂದು ಮೊರೆಯಿಟ್ಟರು. ನನ್ನ ಪಕ್ಕದಲ್ಲಿ ಶಾಂತವ್ವ ನನ್ನ ಮುಂಗೈಯನ್ನು ಉಗುರು ಊರುವಂತೆ ಹಿಡಿದಿದ್ದಳು. ಮಲ್ಲಪ್ಪ ಕುಡಿದ, ಒದ್ದಾಡಿದ, ಬಿದ್ದ. ರಾಯಪ್ಪ ಕಿರೀಟ ತೆಗೆದು ತನ್ನ ತಲೆಗಿಟ್ಟುಕೊಂಡು ನಕ್ಕ.

ಮೊದಲು ಒಂದು ಚಪ್ಪಲಿ ಹಾರಿತು. ಮರುಕ್ಷಣ ಜನವೇ ರಂಗ ಹತ್ತಿತು. ಗ್ಯಾಸಬತ್ತಿ ಒಡೆದು ಕತ್ತಲಾಯಿತು. ಆ ಕತ್ತಲಲ್ಲಿ ಹೊಡೆತದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬೈಗುಳವೂ ಇಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. ನಾನು ಶಾಂತವ್ವನನ್ನು ಬಗಲಲ್ಲಿ ಅವುಚಿಕೊಂಡು ಹೊರಗೆ ಬಂದೆ. ಜನ ಮಂಗಳವಿಲ್ಲದೆ ಚೆದುರಿದರು. ರಾಯಪ್ಪನನ್ನು ಯಾರೋ ಹಿರಿಯರು ಬಿಡಿಸಿ, ರಕ್ತ ಸುರಿಯುವ ಕಿವಿಗೆ ಬಟ್ಟೆ ಕಟ್ಟಿ, ಹುಕ್ಕೇರಿಯಲ್ಲಿದ್ದ ಅವನ ಮಾವನ ಮನೆಗೆ ಚಕ್ಕಡಿ ಗಾಡಿಯಲ್ಲಿ ಸಾಗಿಸಿದರಂತೆ. ರಾಜನನ್ನು ಯಾರೂ ಎಬ್ಬಿಸಲಿಲ್ಲ. ಬೆಳಕು ಹರಿಯುವಾಗ ಅವನು ತಾನೇ ಎದ್ದು ಬಂದು ಹೊಸ್ತಿಲಲ್ಲಿ ನಿಂತಿದ್ದ.

ಅಂದಿನಿಂದ ಮಲ್ಲಪ್ಪನ ವಾಸ ಹೊಲದ ಗುಡಿಸಲಿನಲ್ಲಿ. ಬುತ್ತಿ ಕಳಿಸುತ್ತಿದ್ದರು, ಆದರೆ ಹೆಂಡತಿ ಕಟ್ಟಕೂಡದು. ಕ್ಷೌರದವನು ಇವತ್ತಲ್ಲ ನಾಳೆ ಎಂದು ಜಾರಿಕೊಂಡ. ರಾಯಪ್ಪನಿಗೆ ಹೊಡೆದ ಜನವೇ ಈಗ ಮಲ್ಲಪ್ಪ ಎದುರು ಬಂದರೆ ದಾರಿ ಬಿಟ್ಟು ಬದಿಗೆ ಸರಿಯುತ್ತಿದ್ದರು. ಮತ್ತೊಮ್ಮೆ ಆಡಿ ಮುಗಿಸಿರಿ ಎಂದರೆ ಮಾಸ್ತರರು ಊರು ಬಿಟ್ಟಾಗಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನೀಲವ್ವನ ಮೇಲೆ ಹರಿಹಾಯ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಶರಣರ ಮಾತು ಕೇಳಿ ಬೆಳೆದವರು, ಇದೇನು ಮೌಢ್ಯ ಎಂದೆ.

"ಲಿಂಗಾ ಕೊಳ್ಳಾಗ ಐತ್ರಿ ಬಾಯಾರ, ಅಂಜಿಕಿ ಎದ್ಯಾಗ ಐತಿ. ಎರಡೂ ನನ್ನಾವ" ಎಂದರು.

ಒಂದು ಸಂಜೆ ಬುತ್ತಿ ನಾನೇ ಒಯ್ದೆ. ಮಲ್ಲಪ್ಪ ಗುಡಿಸಲ ಗೋಡೆಗೆ ಒರಗಿ, ಕಾಲು ಮಡಚಿ, ಹಣೆಯ ತುಂಬ ವಿಭೂತಿ ಧರಿಸಿ ಕುಳಿತಿದ್ದ. ಇವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೀಗೆಯೇ ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಹೀಗೆಯೇ ವಿಭೂತಿ ಹಚ್ಚುತ್ತಾರೆ. ಅದನ್ನು ದವಾಖಾನೆಯ ಕೆಲಸದಲ್ಲಿ ಎಷ್ಟೋ ಮನೆಗಳಲ್ಲಿ ಕಂಡವಳು ನಾನು. ಬುತ್ತಿಯನ್ನು ಅವನೆದುರು ಇಟ್ಟೆ.

"ನೀವೂ ಇದನ್ನ ನಂಬ್ತೀರಾ ಮಲ್ಲಪ್ಪ?" ಎಂದು ಕೇಳಿದೆ.

"ನಾ ನಂಬೂದಿಲ್ರಿ. ಆದ್ರ ಅವ್ವ ನಂಬ್ಯಾಳ, ಶಾಂತಾ ನಂಬ್ಯಾಳ. ನಾ ಮನಿ ಹೊಕ್ಕಮ್ಯಾಲ ಏನರ ಆದ್ರ ಏನ ಮಾಡಲಿ?" ಬುತ್ತಿಯ ಗಂಟು ಬಿಚ್ಚುತ್ತಾ ಹೇಳಿದ, "ಅವತ್ತ ಕತ್ತಲದಾಗ ರಾಯಪ್ಪ ನನ್ನ ಕರದಾ. ರಾಜಾ ಅನ್ನಲಿಲ್ರಿ, ಮಲ್ಲ್ಯಾ ಅಂದ. ಸಣ್ಣಂವ ಇದ್ದಾಗ ಕರದಂಗ. ನಾ ಏಳಲಿಲ್ಲ. ಅಂವ ಕೈ ಹಿಡಿಯೂತನಕ ನಾ ಏಳಬಾರ್ದಲ್ರಿ, ಅದಕ್ಕ ಬಿದ್ದಲ್ಲೇ ಬಿದ್ದಿದ್ದೆ."

ಈ ನಡುವೆ ಮನೆಯಲ್ಲಿ ಇನ್ನೊಂದು ಅನಾಹುತ ಹುಟ್ಟಿಕೊಂಡಿತು. ನೆರೆಯ ಹೆಂಗಸರು ಪಡಸಾಲೆಯಲ್ಲಿ ಕುಳಿತು ನನ್ನನ್ನು ಕೇಳಿದರು, "ಖರೆ ರಾಜಾ ಸತ್ತ್ರ ನಿಮ್ಮೂರಾಗ ಏನ ಮಾಡತಾರ್ರಿ?" ಅಜ್ಜಿಯ ಬಾಯಲ್ಲಿ ಕೇಳಿದ್ದನ್ನು ಹೇಳಿದೆ. ಸಿಂಹಾಸನ ಖಾಲಿ ಬಿಡುವುದಿಲ್ಲ, ಅಳುವುದಕ್ಕೂ ಮೊದಲು ಮುಂದಿನ ರಾಜನ ಹೆಸರು ಕೂಗಿಬಿಡುತ್ತಾರೆ. ನೀಲವ್ವ ತಿರುಗಿ ಸೊಸೆಯ ಹೊಟ್ಟೆ ನೋಡಿದರು. ಗಾದಿ ಎಂದರೆ ಇಲ್ಲಿ ಸಿಂಹಾಸನ. "ಗಾದಿಗೆ ಬರಾಂವ ಬರಾಕತ್ತಾನ, ಅದಕ್ಕ ಇದ್ದಾಂವಗ ಏಳಾಕ ಆಗಲಿಲ್ಲ" ಎಂದು ಯಾರೋ ಮೆಲ್ಲಗೆ ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈಸೂರಿನಲ್ಲಿ ಹರಟೆಗೆ ಸಲ್ಲುವ ಮಾತು ಇಲ್ಲಿ ಕಣಿಯಾಗಿ ಕೂತಿತು.

ಅಂದಿನಿಂದ ಶಾಂತವ್ವ ಹೆಣ್ಣು ಮಗುವಿಗಾಗಿ ಹರಕೆ ಹೊರತೊಡಗಿದಳು. ಗಂಡಾದರೆ ಗಂಡ ಹೋಗುತ್ತಾನೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಅವಳ ಕಾಲು ಬಾತುಕೊಂಡವು. ತಲೆನೋವು, ಕಣ್ಣು ಮಂಜು ಎನ್ನತೊಡಗಿದಳು. ಈ ಲಕ್ಷಣಗಳ ಹಿಂದೆ ಏನು ಬರುತ್ತದೆಂದು ನಾನು ಕಂಡಿದ್ದೇನೆ. ಫಿಟ್ಸ್ ಬಂದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ಗೋಕಾಕದ ದೊಡ್ಡ ದವಾಖಾನೆಗೆ ಹೊರಡು ಎಂದು ಗೋಗರೆದೆ.

"ಅವರು ಎದ್ದು ಮನಿಗೆ ಬರೂತನಕ ನಾ ಈ ಮನಿ ಬಿಟ್ಟು ಹೋಗೂದಿಲ್ರಿ ಬಾಯಾರ" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಹಾಗಾಗಿ ನಾನೇ ಹುಕ್ಕೇರಿಗೆ ಹೋದೆ. ಗೋಕಾಕದಲ್ಲಿ ಔಷಧಿ ತರುವ ನೆಪ, ಅಲ್ಲಿಂದ ಇನ್ನೊಂದು ಬಸ್ಸು. ಊರಲ್ಲಿ ಇಳಿದು ರಾಯಪ್ಪನ ಮಾವನ ಮನೆ ಕೇಳಿದರೆ, "ವಿಷಾ ಹಾಕಿದಾಂವನ ಮನೀ?" ಎಂದು ದಾರಿ ತೋರಿಸಿದರು. ಆ ನಾಟಕದ ಸುದ್ದಿ ಅವನಿಗಿಂತ ಮೊದಲೇ ಬಂದು ಬಿಡಾರ ಹೂಡಿತ್ತು. ರಾಯಪ್ಪ ಕಿವಿಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಕುಡಿಯಲು ನೀರು ಕೇಳಿದೆ. ಅವನು ಎದ್ದು ಒಳಗೆ ಹೋದವನು ಬರಿಗೈಲಿ ಬಂದ. ಹಿಂದೆಯೇ ಅವನ ಅತ್ತೆ ತಂಬಿಗೆ ತಂದಿಟ್ಟು ಹೋದಳು.

"ನನ್ನ ಕೈಲೆ ಯಾರೂ ನೀರ ಕುಡಿಯಾಂಗಿಲ್ರಿ ಈಗ. ಹಾಲಿನ ಮಾತಂತೂ ಬಿಡ್ರಿ" ಎಂದ.

ಶಾಂತವ್ವನ ಸ್ಥಿತಿ ಹೇಳಿದೆ. ಒಂದೇ ಒಂದು ಸಲ ಬಂದು ಮಲ್ಲಪ್ಪನ ಕೈ ಹಿಡಿದು ಎಬ್ಬಿಸಿ, ಆಮೇಲೆ ನಿಮ್ಮ ದಾರಿ ನಿಮಗೆ ಎಂದೆ.

"ನಾ ಬರೂದಿಲ್ರಿ. ಊರವರು ಹೊಡದದ್ದು ಇರಲಿ ಬಿಡ್ರಿ, ಅವರಿಗೆ ಸಿಟ್ಟು ಬಂದಿತ್ತು. ಅಂವಾ ನನ್ನ ಕಾಲ ಕಡೇನ ಇದ್ದಾ, ಒಂದ ಮಾರು ದೂರ. ಹೆಸರ ಹಿಡದ ಕರದೆ. ಹೆಣದಂಗ ಬಿದ್ದಿದ್ದ. ಅಂಥಾ ಗೆಳ್ಯಾನ್ನ ನಾ ಹೆಂಗ ಎಬ್ಬಿಸಲ್ರಿ?"

"ನೀವು ಕೈ ಹಿಡಿಯದೆ ಅವರು ಏಳಬಾರದು ಅನ್ನೋದು ನಿಮ್ಮದೇ ಕಟ್ಟಳೆ ಅಲ್ವಾ? ಎದ್ದರೆ ಕೇಡು ಅಂತ ಬಿದ್ದಿದ್ದರು. ಈಗಲೂ ಬಿದ್ದೇ ಇದ್ದಾರೆ."

ಅವನು ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ. ಕಿವಿಯ ಪಟ್ಟಿ ಬಿಗಿಮಾಡಿಕೊಂಡು ಎದ್ದು ಒಳಗೆ ಹೋದ. ಕೊನೆಯ ಬಸ್ಸಿಗೆ ನಾನೊಬ್ಬಳೇ ಹೊರಟೆ. ಘಟಪ್ರಭೆಯ ಸೇತುವೆಯ ಮೇಲೆ ಬಸ್ಸು ಹಾಯುವಾಗ ಹೊಳೆ ಕಪ್ಪಗೆ ಸದ್ದಿಲ್ಲದೆ ಹರಿಯುತ್ತಿತ್ತು. ಈ ಊರುಗಳಲ್ಲಿ ನನ್ನವರು ಎನ್ನುವವರು ಯಾರೂ ಇಲ್ಲ, ಯಾಕೆ ಹೀಗೆ ಅಲೆಯುತ್ತಿದ್ದೇನೆ ಎಂದು ಅಳು ಬಂತು. ಆದರೂ ಬಸ್ಸು ಬೇಗ ಹೋಗಲಿ ಎಂದೇ ಕುಳಿತಿದ್ದೆ.

ಮನೆ ಮುಟ್ಟುವಾಗ ಶಾಂತವ್ವನಿಗೆ ನೋವು ಹತ್ತಿತ್ತು. ದಿನ ತುಂಬಿರಲಿಲ್ಲ. ಗೋಕಾಕಕ್ಕೆ ಒಯ್ಯುವ ಮಾತು ಮುಗಿದಿತ್ತು. ಕೋಣೆಯನ್ನು ಕತ್ತಲು ಮಾಡಿಸಿ, ಯಾರೂ ಮಾತಾಡಬಾರದೆಂದು ಹೇಳಿ, ಅವಳ ಹಲ್ಲುಗಳ ನಡುವೆ ಬಟ್ಟೆ ಸುತ್ತಿದ ಚಮಚ ಇಡಲು ಸಿದ್ಧಳಾಗಿ ಕುಳಿತೆ. ಗೋಡೆಯಾಚೆ ಎತ್ತುಗಳೂ ಮೆಲುಕು ಹಾಕುವುದನ್ನು ನಿಲ್ಲಿಸಿದ್ದವೋ, ನನಗೆ ಕೇಳಿಸಲಿಲ್ಲವೋ ತಿಳಿಯದು. ಒಮ್ಮೆ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಾಗ ಚಮಚ ಎತ್ತಿಯೇಬಿಟ್ಟೆ. ದೇವರು ದೊಡ್ಡವನು, ಫಿಟ್ಸ್ ಬರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಮಗು ಬಂತು. ಸಣ್ಣದು, ಆದರೆ ಗಟ್ಟಿಯಾಗಿ ಅತ್ತಿತು.

ಹೆಣ್ಣು ಎಂದೆ. ನೀಲವ್ವ ನಂಬದೆ ದೀಪ ತಂದು ತಾನೇ ನೋಡಿದರು. ಆಮೇಲೆ ಮಗುವನ್ನು ಎದೆಗೊತ್ತಿಕೊಂಡು, "ಈಕಿ ಗಾದಿ ಕೇಳಾಂಗಿಲ್ಲ, ನನ್ನವ್ವ ಗಾದಿ ಕೇಳಾಂಗಿಲ್ಲ" ಎಂದು ಅಳುತ್ತಾ ನಗುತ್ತಾ ಕುಳಿತುಬಿಟ್ಟರು. ಮೈಸೂರಿನಲ್ಲಾಗಲಿ ಇಲ್ಲಾಗಲಿ ಹೆಣ್ಣು ಎಂದಾಕ್ಷಣ ಅತ್ತೆಯರ ಮುಖ ಗಂಟಾಗುವುದನ್ನೇ ಕಂಡವಳು ನಾನು. ಬೆಳಗಾಗುವುದರೊಳಗೆ ಆ ಮನೆಯಿಂದ ಬೀದಿಗೆಲ್ಲ ಸಕ್ಕರೆ ಹೋಯಿತು.

ಆದರೆ ಮಲ್ಲಪ್ಪನನ್ನು ಕರೆಯಿರಿ ಎಂದಾಗ ನೀಲವ್ವನ ಮುಖ ಮತ್ತೆ ಬಿಗಿಯಿತು. ಮಗು ಉಳಿದಿದೆ, ಅವನಿನ್ನೂ ಎದ್ದಿಲ್ಲ, ಕೂಸಿನ ಮೇಲೆ ಅವನ ನೆರಳು ಬೀಳಬಾರದು ಎಂದರು. ನಾನು ಇನ್ನೇನು ಬಾಯಿ ಮಾಡಬೇಕು, ಅಷ್ಟರಲ್ಲಿ ಬೀದಿಯಲ್ಲಿ ಗದ್ದಲ ಎದ್ದು, ಕೂಡಲೇ ಅಡಗಿತು. ಮೊದಲ ಬಸ್ಸಿಗೆ ರಾಯಪ್ಪ ಬಂದಿದ್ದ. ಯಾರ ಕಡೆಗೂ ನೋಡದೆ ನೇರ ಹೊಲಕ್ಕೆ ನಡೆದ. ಅವನ ಹಿಂದೆ ಊರು, ಊರಿನ ಹಿಂದೆ ನಾನು.

ಮಲ್ಲಪ್ಪ ಗೋಡೆಗೆ ಒರಗಿ ಹಾಗೆಯೇ ಕುಳಿತಿದ್ದ. ರಾಯಪ್ಪ ಎದುರು ನಿಂತು ಕೈ ಚಾಚಿದ. ಚಪ್ಪಲಿ ಎಸೆದವರೆಲ್ಲ ಅಲ್ಲೇ ಇದ್ದರು. ಮಲ್ಲಪ್ಪ ಆ ಕೈ ಹಿಡಿದು ಎದ್ದ. "ರಾಯಾ..." ಎಂದ. ರಾಯಪ್ಪ ಕೈ ಬಿಡಿಸಿಕೊಂಡ. ಮಂಗಳ ಹಾಡಬೇಕಾದ ಮಾಸ್ತರರಿಲ್ಲ. ಎಲ್ಲರೂ ತಿರುಗಿ ರಾಜನ ಊರಿನವಳಾದ ನನ್ನನ್ನು ನೋಡಿದರು. ಶಾಲೆಯಲ್ಲಿ ಶುಕ್ರವಾರ ಹಾಡುತ್ತಿದ್ದ ಮಂಗಳವೊಂದು ಅರ್ಧಂಬರ್ಧ ನೆನಪಿತ್ತು. ನನ್ನ ಕಂಠ ಕೇಳಿದವರಿಗೆ ಗೊತ್ತು ಅದರ ಚಂದ. ಆದರೂ ಹಾಡಿದೆ. ಊರು ಕೈ ಮುಗಿದು ನಿಂತಿತ್ತು.

ಹಾಡು ಮುಗಿದಾಗ ರಾಯಪ್ಪ ನಮ್ಮ ಮನೆಯ ಕಡೆ ಹೊರಟ. ಕೂಸು ನೋಡಲು ಎಂದುಕೊಂಡೆ. ಅವನು ಹೊಸ್ತಿಲೊಳಗೆ ಬಂದು ತನ್ನ ಎತ್ತಿನ ಹಗ್ಗ ಬಿಚ್ಚಿದ. "ಎಬ್ಬಿಸಿನಿ. ಇನ್ನ ನನ್ನ ಕೆಲಸಾ ಮುಗೀತು" ಎಂದು ಎತ್ತನ್ನು ಹೊಡೆದುಕೊಂಡು ಹುಕ್ಕೇರಿಯ ದಾರಿ ಹಿಡಿದ. ನೀಲವ್ವ ಕೊನೆಗೂ ಒಳಗೆ ಬಿಟ್ಟುಕೊಂಡ ಮಲ್ಲಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಕರೆಯಲಿಲ್ಲ. ಕೊಟ್ಟಿಗೆಯಲ್ಲಿ ಉಳಿದ ಒಂಟಿ ಎತ್ತು ಆ ದಿನವೆಲ್ಲ ಮೇವು ಮುಟ್ಟಲಿಲ್ಲ. ಮುಂದಿನ ಬಿತ್ತನೆಗೆ ಜೋಡಿ ಸಿಗದೆ ಮಲ್ಲಪ್ಪನ ಹೊಲ ಹಿಂದೆ ಬಿತ್ತು. ಮೂಡಲಗಿಯಲ್ಲಿ ಆಮೇಲೆ ನಾಟಕವಾಡಲಿಲ್ಲ.

ಈ ಸಲ ದಸರೆಗೆ ರಜೆ ಹಾಕಿ ಮೈಸೂರಿಗೆ ಬಂದಿದ್ದೆ. ಅಮ್ಮ ಅನ್ನ ಬಡಿಸಿದರೆ ನಾನು ರೊಟ್ಟಿ ಇಲ್ಲವೇ ಎಂದು ಕೇಳಿ ನಗೆಪಾಟಲಾದೆ. "ಐತಿ" ಎಂದು ಬಾಯಿ ಜಾರಿದಾಗಲೆಲ್ಲ ತಂಗಿ ಅಣಕಿಸಿದಳು. ಮೂಡಲಗಿಯಲ್ಲಿ ನಾನು ರಾಜನ ಊರಿನವಳು, ಮೈಸೂರಿನಲ್ಲಿ ಆ ಸೀಮೆಗೆ ಹೋಗಿ ಕೆಟ್ಟವಳು. ತಂಗಿಯೇ ಒಂದು ಸಂಜೆ ಪುರಭವನಕ್ಕೆ ನಾಟಕಕ್ಕೆ ಕರೆದೊಯ್ದಳು. ಅದೂ ಒಂದು ರಾಜಮನೆತನದ ಕಥೆಯೇ. ಕೊನೆಯಲ್ಲಿ ರಾಜ ಕತ್ತಿಯೇಟಿಗೆ ಬಿದ್ದ, ಪರದೆ ಇಳಿಯಿತು, ಜನ ಬೆರಳ ತುದಿಯಲ್ಲಿ ಚಪ್ಪಾಳೆ ತಟ್ಟಿ ಜಟಕಾ ಹಿಡಿಯಲು ಎದ್ದರು. ನನಗೆ ಏಳಲಾಗಲಿಲ್ಲ. ಕುರ್ಚಿಯ ಕೈ ಹಿಡಿದು ಕುಳಿತೇ ಇದ್ದೆ.

"ಏಳೇ, ಮುಗೀತಲ್ಲ" ಎಂದಳು ತಂಗಿ.

ಅವಳನ್ನು ಬಿಟ್ಟು ಪರದೆಯ ಹಿಂದೆ ಹೋದೆ. ಸತ್ತ ರಾಜ ಒಂದು ಪೆಟ್ಟಿಗೆಯ ಮೇಲೆ ಗೋಡೆಗೆ ಒರಗಿ ಕುಳಿತು, ಮುಖದ ಬಣ್ಣಕ್ಕೆ ಎಣ್ಣೆ ಸವರಿಕೊಳ್ಳುತ್ತಿದ್ದರು. ವಯಸ್ಸಾದವರು, ದಣಿದಿದ್ದರು. ನಿಮ್ಮನ್ನು ಕೊಂದ ಪಾತ್ರದವರು ಎಲ್ಲಿ ಎಂದು ಕೇಳಿದೆ. ಅವರಿಗೆ ಬೇರೆ ಕಡೆ ಕೆಲಸವಿತ್ತು, ಆಗಲೇ ಹೋದರಮ್ಮ ಎಂದರು. ನಾನು ಕೈ ಚಾಚಿದೆ. ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿ, ಮುಖ ನೋಡಿ ಏನನ್ನಿಸಿತೋ, ಎಣ್ಣೆಗೈಯಲ್ಲೇ ಹಿಡಿದು ಎದ್ದು ನಿಂತರು. ಆದರೆ ಕೊಂದವಳು ನಾನಲ್ಲವಲ್ಲ. ಅಂದು ರಾತ್ರಿ ತಾಯಿಮನೆಯ ಹಾಸಿಗೆಯಲ್ಲಿ, ಗೋಡೆಯಾಚೆ ಎತ್ತಿನ ಸದ್ದಿಲ್ಲದೆ, ನನಗೆ ನಿದ್ದೆ ಹತ್ತಲಿಲ್ಲ.